ಗೂಟಕ್ಕೆ ಕಟ್ಟಿದ ನವಿಲುನೀಲಿ ಚಿಂದಿ

ಇದರಲ್ಲಿ ಎಳ್ಳು ಕಾಳಿನಷ್ಟು ಸುಳ್ಳು ಬೆರೆತಿದ್ದರೆ ಬರುವ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹೊಲದೂಟಕ್ಕೆ, ನನ್ನ ತಾಟಿಗೆ ಕಾಳುಪಲ್ಲೆಯ ಭಜ್ಜಿ ಬೀಳದಿರಲಿ, ಬಿದ್ದರೂ ಉಪ್ಪಿಲ್ಲದ್ದು ಬೀಳಲಿ. ನಡೆದದ್ದೇ ನಡೆದದ್ದು. ನಂಬದವರು ಆಳಂದಕ್ಕೆ ಹೋಗಿ ಡೇಲಿಯಾ ತೋಟದ ಗೇಟಿನ ಬೇವಿನ ಮರವನ್ನು ಕೇಳಲಿ. ಅದು ತಲೆಯಾಡಿಸದಿದ್ದರೆ ಆಮೇಲೆ ಬಂದು ನನ್ನ ಕೊರಳಪಟ್ಟಿ ಹಿಡಿಯಲಿ.

ಯಶೋಧರಾ ಮಣ್ಣಿನಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಬಿದಿರಿನ ಗೂಟ ಹಿಡಿದು ಜಗ್ಗಿದಳು. ಬರಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಜಗ್ಗಿದಳು. ಬಂತು. ಬರುವಾಗ ಒಂಟಿಯಾಗಿ ಬರಲಿಲ್ಲ. ಕೆಂಡದಲ್ಲಿ ಸುಡಲು ಕೋಲಿಗೆ ಸಿಕ್ಕಿಸಿದ ಗೆಣಸಿನ ಹಾಗೆ, ಗೂಟದ ತುದಿಗೆ ಡೇಲಿಯಾದ ಗಡ್ಡೆ ಚುಚ್ಚಿಕೊಂಡು ಬಂತು. ಗಡ್ಡೆ ಕೊಳೆತು ಕಪ್ಪಾಗಿತ್ತು. ವಾಸನೆಗೆ ಪಕ್ಕದ ಹೂವಿನ ಮೇಲಿದ್ದ ಜೇನುಹುಳ ಎದ್ದು ಅಫಜಲಪುರದ ಕಡೆ ಹೋಯಿತು, ತಿರುಗಿ ನೋಡಲಿಲ್ಲ.

"ಯಾ ಅಲ್ಲಾ!" ಎಂದು ಲಾಡ್ಲೆಸಾಬ ಎದೆ ಮುಟ್ಟಿಕೊಂಡ. ಆಳಂದದ ದರ್ಜಿ ಅವನು. ಕೊಳೆತದ್ದು ಅವನ ಮಡಿಯ ಗಡ್ಡೆ. "ಬಾಯಿ, ಇದು ರೋಗ ಅಲ್ರಿ. ಇದು ಖೂನ ಅದ್ರಿ, ಖೂನ!"

"ಗೂಟ ಯಾರು ಬಡದಿದ್ದು?"

"ನಾವು ಬಡಿಯೂದೇ ಇಲ್ಲಲ್ರಿ!"

ಅದು ಖರೆ. ಈ ತೋಟದಲ್ಲಿ ಮೊದಲು ಗುಂಡಿ, ಆಮೇಲೆ ಗುಂಡಿಯಲ್ಲಿ ಗೂಟ, ಗೂಟದ ಮಗ್ಗುಲಿಗೆ ಗಡ್ಡೆ, ಕೊನೆಗೆ ಮಣ್ಣು. ಗಡ್ಡೆ ಮಲಗಿದ ಮೇಲೆ ಗೂಟ ಹೊಡೆದರೆ ಅದರ ಹೊಟ್ಟೆಗೇ ಹೊಡೆದ ಹಾಗೆ. ಹಾಗಾಗಿ ತೋಟದ ಗೂಟಗಳ ನೆತ್ತಿ ಯಾವತ್ತೂ ಸೀಳುವುದಿಲ್ಲ. ಲಾಡ್ಲೆಸಾಬನ ಗೂಟದ ನೆತ್ತಿ ಮಾತ್ರ ಹಳೆ ಕಸಬರಿಗೆಯ ಹಾಗೆ ಕೆದರಿತ್ತು. ಯಾರೋ ಸುತ್ತಿಗೆಯಿಂದ ಕುಟ್ಟಿ, ಗೂಟವನ್ನು ಗಡ್ಡೆಯೊಳಗೆ ಇಳಿಸಿದ್ದರು. ಬಾಡಿ ನಿಂತ ಉಳಿದ ಮೂರು ಮಡಿಗಳಲ್ಲೂ ಇದೇ ಕಥೆ.

ಯಶೋಧರಾ ಮೊದಲು ಜೇವರ್ಗಿಯಲ್ಲಿ ಪೊಲೀಸ್ ಆಗಿದ್ದವಳು. ನೌಕರಿ ಬಿಟ್ಟು ಈಗ ಅದೇ ಊರಲ್ಲಿ ಪಂಪು ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಪತ್ತೇದಾರಿ ಆಫೀಸು ಇಟ್ಟುಕೊಂಡಿದ್ದಾಳೆ. ಕಳೆದ ಎಮ್ಮೆ ಹುಡುಕುತ್ತಾಳೆ, ಮದುವೆಗೆ ಮುಂಚೆ ವರನ ಬಂಡವಾಳ ಬಯಲಿಗೆ ತರುತ್ತಾಳೆ. ಎಮ್ಮೆಗಳು ಬೇಗ ಸಿಗುತ್ತವೆ, ವರರೇ ಕಷ್ಟ. ಅವಳನ್ನು ಆಳಂದಕ್ಕೆ ಕರೆಸಿದವಳು ಅವಳ ಸಣ್ಣವ್ವ, ಎಂದರೆ ಚಿಕ್ಕಮ್ಮ, ಮರೆಮ್ಮ. ಹೆತ್ತವ್ವ ಹೋದ ಮೇಲೆ ಯಶೋಧರಾಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಈ ಸಣ್ಣವ್ವನೇ. ತೋಟದ ಮೊದಲ ಗಡ್ಡೆ ಊರಿದ್ದೂ ಇವಳೇ.

ತೋಟವೆಂದರೆ ಸಾಮಾನ್ಯ ತೋಟವಲ್ಲ. ಗಂಗಾಬಾಯಿ ಸಾವಕಾರ್ತಿಯ ಹಳೆಯ ಕಣ ಅದು. ಜೋಳ ತುಳಿಸುತ್ತಿದ್ದ ಜಾಗದಲ್ಲಿ ಈಗ ಡೇಲಿಯಾ. ಸಂಬಳದವರು ಒಬ್ಬರೂ ಇಲ್ಲ. ದರ್ಜಿ, ಬಳೆಗಾರ್ತಿ, ಅಂಗನವಾಡಿಯ ನಿವೃತ್ತ ಬಾಯಿ, ಇಂಥವರೇ ತಲೆಗೊಂದು ಮಡಿ ಹಂಚಿಕೊಂಡು ಬೆಳೆಸಿದ್ದಾರೆ. ಯಾರಾದರೂ ಬರಬಹುದು, ನೋಡಬಹುದು, ಮುಟ್ಟುವಂತಿಲ್ಲ. ಹೂವು ಒಂದೊಂದೂ ತಟ್ಟಿ ಬಡಿದ ರೊಟ್ಟಿಯಷ್ಟಗಲ. ಹೋದ ವರ್ಷ ಮಾದನಹಿಪ್ಪರಗಾದಿಂದ ಬಂದ ಬೀಗರ ಕೈಗೂಸನ್ನು ಒಂದು ಹೂವಿನ ಮೇಲೆ ಮಲಗಿಸಿದರೆ, ಕೂಸು ಬಸ್ಸಿನ ಹೊತ್ತಾದರೂ ಏಳಲಿಲ್ಲ. ಮುಟ್ಟಿದ ತಪ್ಪಿಗೆ ಕೂಸಿಗೆ ಬೈದರು ಅಂತಲೂ ಹೇಳುತ್ತಾರೆ.

ಅಲ್ಲಿನ ರಿವಾಜು ಎರಡು. ಒಂದು, ಗಿಡವನ್ನು ಗೂಟಕ್ಕೆ ಕಟ್ಟಲು ಹಗ್ಗ ಬಳಸುವಂತಿಲ್ಲ. ಮಡಿಯ ಒಡೆಯ ತನ್ನ ಮೈಮೇಲಿನ ಹಳೆಯ ಬಟ್ಟೆ ಹರಿದು ಚಿಂದಿ ಕಟ್ಟಬೇಕು. ಚಿಂದಿ ನೋಡಿದರೆ ಸಾಕು, ಮಡಿ ಯಾರದ್ದೆಂದು ಗೊತ್ತು. ಎರಡು, ತನ್ನ ಮಡಿಗೆ ತಾನು ನೀರು ಹಾಕುವಂತಿಲ್ಲ, ಮಗ್ಗುಲ ಮಡಿಗೆ ಹಾಕಬೇಕು. ತೋಟಕ್ಕೆ ದ್ರೋಹ ಮಾಡಿದವರ ಚಿಂದಿಯನ್ನು ಬಿಚ್ಚಿ ಗೇಟಿನ ಬೇವಿಗೆ ಕಟ್ಟುತ್ತಾರೆ. ಕಟ್ಟಿಸಿಕೊಂಡವರು ಮತ್ತೆ ಒಳಗೆ ಕಾಲಿಡುವಂತಿಲ್ಲ.

ಈಗ ಎರಡನೆಯ ರಿವಾಜು ಮುರಿದಿತ್ತು. ಯಾರಿಗೂ ಯಾರ ಮೇಲೂ ನಂಬಿಗೆಯಿಲ್ಲ. ಎಲ್ಲರೂ ಮನೆಯಿಂದ ಕೊಡ ಹೊತ್ತು ತಂದು ತಮ್ಮ ತಮ್ಮ ಮಡಿಗೇ ಸುರಿಯುತ್ತಿದ್ದರು. ಬಳೆಗಾರ್ತಿ ದ್ರೌಪದಿಯಂತೂ ಮರಿಮಾಡಲು ಕೂತ ಕೋಳಿಯ ಹಾಗೆ ಮಡಿಯ ಬದುವಿನ ಮೇಲೆ ಕೂತುಬಿಟ್ಟಿದ್ದಳು.

"ಅಕ್ಕಾ, ಜರಾ ಸರೀರಿ, ಗೂಟ ನೋಡ್ತೇನಿ" ಎಂದಳು ಯಶೋಧರಾ.

"ಅಲ್ಲಿಂದೇ ನೋಡವ್ವಾ. ನಿನಗ ಪೊಲೀಸ್ ಕಣ್ಣವ, ದೂರಿಂದ ಕಾಣ್ತದ."

"ತೋಟದಾಗ ಯಾರೂ ಇಲ್ಲದ ದಿನ ಅಂದ್ರ ಎಳ್ಳಮಾಸಿ ಒಂದೇ. ಅವತ್ತ ನೀವೆಲ್ಲಿದ್ರಿ?"

"ಹಿರೋಳ್ಳಿಗಿ, ಗಂಗಾಬಾಯಿ ಸಾವಕಾರ್ರ ಹೊಲಕ್ಕ. ಅವತ್ತ ಆಳಂದದಾಗ ನಾಯಿ ಸೈತ ಹೊಲಕ್ಕ ಹೋಗಿರ್ತದ, ನಾ ಇಲ್ಲಿ ಯಾಕಿರಲಿ? ನೀ ಎಲ್ಲಿದ್ದಿ, ಅದ ಹೇಳು."

"ಜೇವರ್ಗಿಯಾಗ. ಆಫೀಸಿನ್ಯಾಗ."

ಹೇಳಿದ ಕೂಡಲೇ ಯಶೋಧರಾಳ ನಾಲಿಗೆ ಕಹಿಯಾಯಿತು. ಅವತ್ತು ಅವಳು ಇದ್ದದ್ದು ಅಫಜಲಪುರದಲ್ಲಿ. ಒಬ್ಬ ವರನ ಬೆನ್ನು ಹತ್ತಿ ಹೋಗಿದ್ದಳು. ಕಂಡದ್ದನ್ನು, ಹೋದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಹೆಣ್ಣಿನ ತಾಯಿಗೆ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಸಣ್ಣ ಸುಳ್ಳು. ಕಸಬಿನ ಸುಳ್ಳು. ಹೋಗಲಿ ಬಿಡು ಎಂದುಕೊಂಡಳು.

ಮರೆಮ್ಮ ಎಲ್ಲರಿಗೂ ಚಹಾ ಹಂಚುತ್ತ ಬಂದಳು. "ನಾನೂ ಹಿರೋಳ್ಳಿಗೇ ಹೋಗಿದ್ದೆ ಬೇ. ಸಾವಕಾರ್ರ ಭಜ್ಜಿ ಅಂದ್ರ ಭಜ್ಜಿ!" ಎಂದಳು, ಯಾರೂ ಕೇಳದೆಯೇ.

ಲಾಡ್ಲೆಸಾಬ ತಟ್ಟನೆ ಚಹಾದ ಕಪ್ಪಿನೊಳಗೆ ಮುಖ ಹಾಕಿದ. ಯಶೋಧರಾ ನೋಡಿದಳು. ಆಗ ಅರ್ಥವಾಗಲಿಲ್ಲ.

"ಸಂಕ್ರಾಂತಿ ಬಾಗಲಿಗಿ ಬಂದು ನಿಂತದ" ಎಂದಳು ಮರೆಮ್ಮ. ಅವಳ ದನಿ ಕೆಳಗಿಳಿಯಿತು. "ಕಣ ಕೊಡೂಮುಂದ ಗಂಗಾಬಾಯಿ ಆಡಿದ ಮಾತು ನೆಪ್ಪಿಲ್ಲೇನು? ಈ ಸಂಕ್ರಾಂತಿ ದಿನ ಎಲ್ಲಾ ಮಡ್ಯಾಗ ಹೂ ಕಂಡ್ರ ಕಣ ನಮ್ದು. ಒಂದು ಮಡಿ ಬೋಳಾದ್ರೂ ಅವರ ಮಗಂದು. ಈಗಾಗಲೇ ನಾಕು ಮಡಿ ಹೋಗ್ಯಾವ."

"ಬ್ಯಾರೆ ಗಿಡ ತಂದು ಹಚ್ಚಿದ್ರ?"

"ಹಚ್ಚಬಹುದು. ಹಚ್ಚವ್ರ ಮನಸು ಒಂದಿರಬೇಕಲ್ಲ? ತಮ್ಮ ಗಡ್ಡಿ ಬ್ಯಾರೇವ್ರಿಗಿ ಕೊಡಾಕ ಯಾರೂ ತಯಾರಿಲ್ಲ. ಕಳ್ಳನ ಹೆಸರು ಸಿಗೂತನ ಈ ತೋಟ ತೋಟ ಅಲ್ಲ ಯಶೋಧರಾ, ಜಗಳದ ಕಟ್ಟಿ."

ಯಶೋಧರಾ ಎದ್ದು ನಿಂತು ಮಣ್ಣು ಕೊಡವಿಕೊಂಡಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇವತ್ತ ಹೊತ್ತು ಮುಳುಗೂದ್ರಾಗ ಕಳ್ಳರ ಚಿಂದಿ ಬೇವಿನ ಗಿಡಕ್ಕ ಕಟ್ಟಿ ತೋರಸ್ತೇನಿ. ಯಾರದೇ ಇರಲಿ."

ದೊಡ್ಡ ಮಾತು. ಆಡುವಾಗ ಎಲ್ಲ ದೊಡ್ಡ ಮಾತುಗಳೂ ಹಗುರವೇ.

ಮತ್ತೆ ಲಾಡ್ಲೆಸಾಬನ ಮಡಿಗೆ ಬಂದು ಬಗ್ಗಿದಳು. ಗೂಟ ಕುಟ್ಟಿದರೆ ಅದು ಕೆಳಗಿಳಿಯುತ್ತದೆ. ಕಟ್ಟಿದ ಚಿಂದಿ ಗಿಡವನ್ನೂ ಎಳೆದುಕೊಂಡು ಇಳಿದರೆ ಟೊಂಗೆ ಮುರಿದು, ಕೆಟ್ಟ ಕೆಲಸ ಅವತ್ತೇ ಬಯಲಾಗುತ್ತದೆ. ಅಂದರೆ ಕುಟ್ಟಿದವರು ಮೊದಲು ಚಿಂದಿ ಬಿಚ್ಚಿರಬೇಕು, ಆಮೇಲೆ ಮತ್ತೆ ಕಟ್ಟಿರಬೇಕು. ಅವಸರದಲ್ಲಿ ಬಿಚ್ಚಿದರೆ ಹಳೆಯ ಬಟ್ಟೆ ಪಿಸಿಯುತ್ತದೆ. ಪಿಸಿದರೆ ಬೇರೆ ಬೇಕು, ಅವಸರಕ್ಕೆ ಸಿಗುವುದು ತಮ್ಮ ಮೈಮೇಲಿನದೇ.

ಲಾಡ್ಲೆಸಾಬನ ಚಿಂದಿ ಹಸಿರು ಚೌಕಳಿಯ ಲುಂಗಿಯದು. ಒಂದು ಗೂಟಕ್ಕೆ ಹಸಿರು. ಇನ್ನೊಂದಕ್ಕೆ ಹಸಿರು. ಮೂರನೆಯದಕ್ಕೆ, ಎಲೆಗಳ ಮರೆಯಲ್ಲಿ, ಹಸಿರಲ್ಲ.

ಅವಳ ಕೈ ಅಲ್ಲೇ ನಿಂತಿತು.

ನವಿಲುನೀಲಿ. ಒಂದು ಬದಿಗೆ ಕೆಂಪು ಅಂಚು, ಅಂಚಿನೊಳಗೆ ಹಳದಿಯ ಸಣ್ಣ ಗೀಟು. ಇಳಕಲ್ ಸೀರೆ. ಈ ಅಂಚನ್ನು ಅವಳು ಬಲ್ಲಳು. ಪೊಲೀಸ್ ನೌಕರಿಯ ಮೊದಲ ಪಗಾರದಲ್ಲಿ ಕಲಬುರಗಿಯಿಂದ ತಂದಿದ್ದಳು. ಒಂದೇ ತರದ ಜೋಡಿ ಇತ್ತು ಅಂಗಡಿಯಲ್ಲಿ, ಜೋಡಿಯನ್ನೇ ತಂದಳು. ಒಂದು ತನಗೆ. ಅದು ಜೇವರ್ಗಿಯ ಆಫೀಸಿನ ಕಪಾಟಿನಲ್ಲಿದೆ, ಕಪಾಟಿನ ಒಂದೇ ಒಂದು ಕೀಲಿ ತನ್ನ ಕೊರಳಲ್ಲಿದೆ. ಇನ್ನೊಂದು ಸಣ್ಣವ್ವಗೆ.

ಸಣ್ಣವ್ವಗೆ.

ಸುತ್ತ ನೋಡಿದಳು. ದ್ರೌಪದಿ ಮಡಿ ಕಾಯುತ್ತಿದ್ದಳು. ಲಾಡ್ಲೆಸಾಬ ಕೊಳೆತ ಗಡ್ಡೆಗೆ ಮಣ್ಣು ಕೊಡಲು ಗುಂಡಿ ತೋಡುತ್ತಿದ್ದ. ಯಶೋಧರಾ ಗಂಟು ಬಿಚ್ಚಿ, ಚಿಂದಿಯನ್ನು ಸುತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಎಷ್ಟೋ ಮಂದಿಯ ಮುಷ್ಟಿ ಬಿಡಿಸಿದವಳು ಮೊದಲ ಸಲ ತನ್ನ ಮುಷ್ಟಿ ಬಿಗಿ ಮಾಡಿದಳು.

ಅಷ್ಟರಲ್ಲಿ ಗೇಟಿನಲ್ಲಿ ಬಿಳಿ ಜೀಪು ನಿಂತಿತು. ಗಂಗಾಬಾಯಿಯ ಮಗ ಮಹೇಶಕುಮಾರ ಇಳಿದ. ಅವನ ಬಿಳಿ ಬಟ್ಟೆಯ ಇಸ್ತ್ರಿ ಎಷ್ಟು ಖಡಕ್ಕೆಂದರೆ, ಕೂತರೆ ಮುರಿಯುತ್ತದೇನೋ ಎಂದು ನಿಂತೇ ಇರುವ ಮನುಷ್ಯ. ಹಿಂದೆ ಅಳತೆಯ ಟೇಪು ಹಿಡಿದ ಆಳು.

"ಏನ್ರಿ ಪೊಲೀಸ್ ಬಾಯಿ, ಎಮ್ಮಿ ಬಿಟ್ಟು ಹೂವಿಗಿ ಬಂದ್ರೇನು?"

"ಸಾವಕಾರ್ರ, ಸಂಕ್ರಾಂತಿ ಇನ್ನ ಬಂದಿಲ್ಲ. ಟೇಪು ಮೊದಲ ಬಂತಲ್ರಿ?"

"ತಯಾರಿ ಇರಬೇಕಲ್ರಿ. ಮಡಿ ಬೋಳಾಗಾಕತ್ತಾವಂತ ಸುದ್ದಿ ಬಂತು."

"ಸುದ್ದಿ ಬಂತೋ, ನೀವ ಕಳಿಸಿದ್ರೋ?"

ಮಹೇಶಕುಮಾರನ ನಗು ಅರ್ಧಕ್ಕೆ ನಿಂತಿತು. ಯಶೋಧರಾ ನೆತ್ತಿ ಸೀಳಿದ ಗೂಟವನ್ನು ಅವನ ಮೂಗಿನ ಮುಂದೆ ಹಿಡಿದಳು. ಕೊಳೆತ ಗಡ್ಡೆ ಇನ್ನೂ ತುದಿಯಲ್ಲಿ ತೂಗುತ್ತಿತ್ತು. ಅವನು ಇಸ್ತ್ರಿ ಉಳಿಸಿಕೊಳ್ಳಲು ಒಂದು ಹೆಜ್ಜೆ ಹಿಂದೆ ಸರಿದ.

"ಎಳ್ಳಮಾಸಿ ದಿನ ಊರು ಖಾಲಿ ಇತ್ತು. ಯಾರೋ ಒಳಗ ಬಂದು ನಾಕು ಮಡಿ ಗೂಟ ಕುಟ್ಟ್ಯಾರ. ತೋಟ ಹಾಳಾದ್ರ ಫಾಯಿದಾ ಯಾರಿಗ್ರಿ?"

"ನನಗ" ಎಂದ ಮಹೇಶಕುಮಾರ, ಸಂಕೋಚವಿಲ್ಲದೆ. "ಸುಳ್ಳ್ಯಾಕ ಹೇಳ್ಲಿ? ಇಲ್ಲಿ ನಾಕು ದುಕಾನ ಕಟ್ಟಸ್ತೇನಿ. ಆದ್ರ ಅವತ್ತ ನಾ ಹಿರೋಳ್ಳ್ಯಾಗ ಭೂತಾಯಿಗಿ ಚರಗ ಚೆಲ್ಲಿ, ಮಂದಿಗಿ ಭಜ್ಜಿ ನೀಡಾಕತ್ತಿದ್ದೆ. ಕೇಳ್ರಿ ಈ ದರ್ಜೀನ್ನ. ಏ ಲಾಡ್ಲೆ, ಎಷ್ಟು ಸಲ ನೀಡಿಸ್ಕೊಂಡ್ಯೋ?"

"ಲೆಕ್ಕ ಇಟ್ಟಿಲ್ರಿ ಸಾವಕಾರ್ರ" ಎಂದ ಲಾಡ್ಲೆಸಾಬ, ಹೊಟ್ಟೆ ಸವರಿಕೊಳ್ಳುತ್ತ.

"ನಿಮ್ಮ ಕೈಯೇ ಇರಬೇಕಂತಿಲ್ಲ. ಆಳಿನ ಕೈ ಇರಬಹುದು."

"ನನ್ನ ಆಳು ಅವತ್ತ ಸಜ್ಜಿ ರೊಟ್ಟಿ ಸುತ್ತ ಕೂತಿದ್ರು. ಯಾರ ಎಲಿನೂ ಖಾಲಿ ಇದ್ದಿದ್ದಿಲ್ಲ." ಮಹೇಶಕುಮಾರ ಗಲ್ಲ ಕೆರೆದುಕೊಂಡ. "ತಡೀರಿ. ಒಂದು ಎಲಿ ಇತ್ತು. ಹಾಸಿದ್ದು ಹಾಸಿದ್ಹಂಗೇ. ಬರ್ತೇನಿ ಅಂತ ಹೇಳಿ ಬರಲಾರ್ದಾಕಿದು."

"ಯಾರದು?"

"ನಿಮ್ಮ ಸಣ್ಣವ್ವಂದು."

ಮರೆಮ್ಮ ಆಗಲೇ ಚಹಾದ ಕಿಟ್ಲಿ ಎತ್ತಿಕೊಂಡು ಮನೆಗೆ ಹೋಗಿದ್ದಳು. ಯಶೋಧರಾ ಲಾಡ್ಲೆಸಾಬನ ಕಡೆ ತಿರುಗಿದಳು. ಅವನು ನೆಲ ನೋಡಿದ.

"ಹೌದೇನ್ರಿ?"

"ಮರೆಮ್ಮ ಅಕ್ಕ ಬಂದಿದ್ದಿಲ್ರಿ ಬಾಯಿ" ಎಂದ ಕೊನೆಗೆ. "ಆಕಿ ಹೋಗಿದ್ದೆ ಅಂದಾಗ ನಾ ಯಾಕ ಹಲ್ಲ ಬಿಚ್ಚಲಿ? ಈ ತೋಟದಾಗ ನನಗ ಮೊದಲ ಗಡ್ಡಿ ಕೊಟ್ಟಾಕಿ ಆಕಿನೇ."

ಮಹೇಶಕುಮಾರ ಜೀಪಿನ ಕಡೆ ನಡೆದ. ಅರ್ಧಕ್ಕೆ ನಿಂತು ತಿರುಗಿದ. ಅವನ ಕಣ್ಣು ಅವಳ ಬಿಗಿದ ಮುಷ್ಟಿಯ ಮೇಲಿತ್ತು.

"ಆ ನೀಲಿ ಚಿಂದಿ ಬೇವಿಗಿ ಕಟ್ಟೂದು ನೋಡಾಕ ಸಂಜಿಮುಂದ ಬರ್ತೇನ್ರಿ. ಊರಿಗೆಲ್ಲ ಕೇಳೂವಂಗ ಮಾತು ಕೊಟ್ಟೀರಂತ."

ಜೀಪು ಧೂಳೆಬ್ಬಿಸಿ ಹೋಯಿತು. ಯಶೋಧರಾ ಮುಷ್ಟಿ ನೋಡಿಕೊಂಡಳು. ಬೆರಳ ಸಂದಿಯಲ್ಲಿ ಒಂದು ಎಳೆಯೂ ಹೊರಗಿರಲಿಲ್ಲ. ಲಾಡ್ಲೆಸಾಬನಿಗೂ ಅವಳು ತೋರಿಸಿರಲಿಲ್ಲ.

ನೀಲಿ ಎಂದು ಅವನಿಗೆ ಹೇಗೆ ಗೊತ್ತಾಯಿತು?

ಆದರೆ ಅದನ್ನು ಕೇಳಲು ಈಗ ಪುರುಸೊತ್ತಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಸಣ್ಣವ್ವನ ಮನೆ ತೋಟದ ಹಿಂದಿನ ಓಣಿಯಲ್ಲೇ ಇದ್ದರೂ ಅವತ್ತು ಆ ದಾರಿ ಸೊಲ್ಲಾಪುರದಷ್ಟು ದೂರವಾಯಿತು.

ಮರೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹಳದಿ ಡೇಲಿಯಾ, ಅದರ ಕೆಳಗೆ ತಗಡಿನ ಟ್ರಂಕು. ಚಿಕ್ಕಂದಿನಲ್ಲಿ ಯಶೋಧರಾ ಆ ಟ್ರಂಕಿನ ಮೇಲೆ ಕೂತೇ ಅಕ್ಷರ ಬರೆದಿದ್ದಳು.

"ಕೈಕಾಲು ತೊಳಿ. ಬಿಸಿ ರೊಟ್ಟಿ ಅದ."

"ಸಣ್ಣವ್ವಾ, ಎಳ್ಳಮಾಸಿ ದಿನ ಎಲ್ಲಿದ್ದಿ?"

ಬಡಿಯುವ ಕೈ ನಿಲ್ಲಲಿಲ್ಲ. "ಹಿರೋಳ್ಳ್ಯಾಗ."

"ನಿನ್ನ ಎಲಿ ಖಾಲಿ ಇತ್ತಂತ."

ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗತೊಡಗಿತು. ಮರೆಮ್ಮನ ಮನೆಯಲ್ಲಿ ರೊಟ್ಟಿ ಹೊತ್ತಿದ್ದು ಅದೇ ಮೊದಲು. ಒಲೆಗೂ ಆಶ್ಚರ್ಯವಾಗಿ ಅದು ಒಮ್ಮೆ ಕೆಮ್ಮಿತು.

ಯಶೋಧರಾ ಮುಷ್ಟಿ ಬಿಚ್ಚಿದಳು. "ಲಾಡ್ಲೆಸಾಬನ ಗೂಟಕ್ಕಿತ್ತು. ಟ್ರಂಕು ತಗೀ."

ಮರೆಮ್ಮ ಚಿಂದಿಯನ್ನು ನೋಡಿದಳು. ಅವಳ ಮುಖದಲ್ಲಿ ಅಂಜಿಕೆ ಇರಲಿಲ್ಲ. ಇದ್ದದ್ದು ಕರುಣೆ, ಅದೇ ಯಶೋಧರಾಳಿಗೆ ಅರ್ಥವಾಗಲಿಲ್ಲ.

"ಪೊಲೀಸ್ ಆಗಿ ಬಂದಿದ್ರ ಟ್ರಂಕು ತಗೀ. ಮಗಳಾಗಿ ಬಂದಿದ್ರ ಉಣ್ಣು, ಸುಮ್ನ ಜೇವರ್ಗಿಗಿ ಹೋಗು. ಚಿಂದಿ ಒಲ್ಯಾಗ ಹಾಕ್ತೇನಿ."

"ಹೊತ್ತು ಮುಳುಗೂದ್ರಾಗ ಹೆಸರು ಹೇಳ್ತೇನಂದೇನಿ. ಹೇಳಲಿಲ್ಲಂದ್ರ ತೋಟ ಉಳಿಯಂಗಿಲ್ಲ. ನೀನ ಹಚ್ಚಿದ ತೋಟ."

"ಹಂಗಾದ್ರ ತಗೀ."

ಯಶೋಧರಾ ಟ್ರಂಕಿನ ಮುಚ್ಚಳ ಎತ್ತಿದಳು. ಬೇವಿನ ಸೊಪ್ಪಿನ ವಾಸನೆ. ಕೌದಿ, ಕೌದಿಯ ಕೆಳಗೆ ನವಿಲುನೀಲಿ. ಸೀರೆ ಬಿಡಿಸಿದಳು. ಈ ತುದಿಯಿಂದ ಆ ತುದಿಯವರೆಗೆ ಅಂಚು ಹಿಡಿದು ನೋಡಿದಳು. ಮೇಲಿನ ಅಂಚು ಪೂರ್ತಿ. ಕೆಳಗಿನ ಅಂಚು ಪೂರ್ತಿ. ಸೆರಗು ಪೂರ್ತಿ. ಒಂದು ಎಳೆ ಕಿತ್ತಿರಲಿಲ್ಲ.

ಅವಳ ಎದೆಯ ಮೇಲಿಂದ ಒಂದು ಚೀಲ ಜೋಳ ಇಳಿಯಿತು. "ಸಣ್ಣವ್ವಾ! ನಿಂದಲ್ಲ!" ಎಂದು ನಕ್ಕೇಬಿಟ್ಟಳು.

ಮರೆಮ್ಮ ನಗಲಿಲ್ಲ. "ನಂದು ನೋಡಿದೆಲ್ಲ? ಈಗ ನಿಂದು ತೋರ್ಸು."

"ನಂದು ಆಫೀಸಿನ್ಯಾಗ..."

"ಎಳ್ಳಮಾಸಿ ದಿನ ನಾ ಹಿರೋಳ್ಳಿಗಿ ಹೋಗಲಿಲ್ಲ ಬೇ. ನೀ ಒಬ್ಬಾಕಿ ಉಣ್ತಿ ಅಂತ ಭಜ್ಜಿ, ರೊಟ್ಟಿ, ಕಡುಬು ಕಟ್ಕೊಂಡು ಜೇವರ್ಗಿಗಿ ಬಂದೆ. ನಿನ್ನ ಆಫೀಸಿಗಿ ಬೀಗ ಇತ್ತು. ಮೆಟ್ಟಲ ಮ್ಯಾಲ ಕೂತು ಕೂತು ಸಾಕಾಗಿ ತಿರುಗಿ ಬಂದೆ. ಇವತ್ತ ಮಂದಿ ಮುಂದ ಆಫೀಸಿನ್ಯಾಗ ಇದ್ದೆ ಅಂದಿ. ಯಾಕ ಸುಳ್ಳ ಹೇಳ್ದಿ?"

ಯಶೋಧರಾ ಬಿಡಿಸಿದ ಸೀರೆಯನ್ನು ಟ್ರಂಕಿಗೆ ಹಾಕಿದಳು. ಅಫಜಲಪುರ ಎಂದು ನಾಲಿಗೆಯ ತುದಿಗೆ ಬಂದದ್ದು ಕೊಟ್ಟ ಮಾತಿಗೆ ತಾಗಿ ಹಿಂದೆ ಹೋಯಿತು.

"ಆಳಂದಕ್ಕ ಬಂದಾಗ ಹೊತ್ತು ಇಳದಿತ್ತು" ಎಂದಳು ಮರೆಮ್ಮ. "ತೋಟದ ಮುಂದ ಹಾದು ಬರಾಕತ್ತಿದ್ದೆ. ಗೇಟಿನಿಂದ ಒಬ್ಬಾಕಿ ಹೊರಗ ಹೋದಳು. ನವಿಲುನೀಲಿ ಸೀರಿ, ತಲಿ ತುಂಬ ಸೆರಗು. ಬೆನ್ನಷ್ಟೇ ಕಂಡಿತು. ಮಹೇಶಕುಮಾರನ ಜೀಪು ಹತ್ತಿ ಹೋದಳು. ನಾ ಕೂಗಲಿಲ್ಲ. ನನ್ನ ಕಾಲು ಅಲ್ಲೇ ಹೂತು ಹೋದವು."

"ನಾ ಅಲ್ಲ ಸಣ್ಣವ್ವಾ!"

"ಅದಕ್ಕ ನಿನ್ನ ಕರಿಸಿದೆ. ಬಂದು ನನ್ನ ಕಣ್ಣಾಗ ಕಣ್ಣಿಟ್ಟು ನೀನ ಹೇಳ್ತಿ ಅಂತ. ನೀ ಬಂದು ಕಳ್ಳರ ಹುಡುಕಾಕ ನಿಂತಿ." ಮರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಊರ ಮುಂದ ಹಿರೋಳ್ಳಿ ಅಂತ ಸುಳ್ಳ ಹೇಳಿದ್ದು ನನ್ನ ಉಳಿಸ್ಕೊಳ್ಳಾಕಲ್ಲ ಬೇ, ನಿನ್ನ."

ಯಶೋಧರಾಳ ಕೈ ತಾನಾಗಿ ಕೊರಳಿಗೆ ಹೋಯಿತು. ಕಪ್ಪು ದಾರ ಇತ್ತು. ದಾರದಲ್ಲಿ ಕಪಾಟಿನ ಕೀಲಿ ಇತ್ತು.

ಇಲ್ಲದಿದ್ದರೆ ಚೆನ್ನಾಗಿತ್ತು. ಯಾರೋ ಕದ್ದರು ಎನ್ನಬಹುದಿತ್ತು.

ಹೊರಗೆ ಜೀಪು ನಿಂತ ಸಪ್ಪಳವಾಯಿತು. "ಬಾಯೀ, ಬರ್ರಿ! ಹೊತ್ತು ಮುಳುಗಾಕತ್ತದ, ಮಂದಿ ಬೇವಿನ ಕೆಳಗ ಕೂತಾರ!" ಮಹೇಶಕುಮಾರನ ದನಿ. ಆಮೇಲೆ, ಜೇನು ಸವರಿದ ಹಾಗೆ, ಇನ್ನೊಂದು ಮಾತು: "ಹಂಗೇ ಬರ್ರಿ, ಸೀರಿ ಬದಲ ಮಾಡೂದು ಬ್ಯಾಡ!"

ಮರೆಮ್ಮ ಮಗಳ ಮುಖ ನೋಡಿದಳು. ಯಶೋಧರಾ ಕೈಯಲ್ಲಿದ್ದ ಚಿಂದಿ ನೋಡಿದಳು. ಒಲೆ ಎರಡು ಹೆಜ್ಜೆ ದೂರದಲ್ಲಿತ್ತು. ಬೇವೂ ಬಹಳ ದೂರವಿರಲಿಲ್ಲ.

ಅವಳು ಚಿಂದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೊಸ್ತಿಲು ದಾಟಿದಳು.

ಬೇವಿನ ಕೆಳಗೆ ಯಾರ ಹೆಸರು ಹೇಳಿದಳೆಂದು ನನ್ನನ್ನು ಈಗಲೇ ಕೇಳಬೇಡಿ. ಅವಳಂತೂ ಅಫಜಲಪುರದಲ್ಲಿದ್ದಳು, ಅಂದಮೇಲೆ ಅಂಥ ಮೂರನೆಯ ಸೀರೆ ಎಲ್ಲೋ ಇರಲೇಬೇಕು; ಮೊದಲು ನೀವು ಏಳಿ, ಎದ್ದು ಮನೆಯೊಳಗೆ ಹೋಗಿ. ಟ್ರಂಕು, ಕಪಾಟು, ಗಂಟುಮೂಟೆ ಎಲ್ಲ ಬಿಚ್ಚಿ. ಕೆಂಪಂಚಿನ ನವಿಲುನೀಲಿ ಸೀರೆ ಏನಾದರೂ ಸಿಕ್ಕರೆ, ಆ ತುದಿಯಿಂದ ಈ ತುದಿಯವರೆಗೆ ಅಂಚು ಹಿಡಿದು ನೋಡಿ ತಂದು ನನ್ನ ಮುಂದೆ ಹಾಸಿ. ನೋಡಲು ಯಾಕೆ ಅಂಜುತ್ತೀರಿ? ಅಂದಹಾಗೆ, ಎಳ್ಳಮಾಸಿ ದಿನ ಹೊತ್ತು ಇಳಿಯುವಾಗ ನೀವೆಲ್ಲಿದ್ದಿರಿ, ಅದನ್ನೂ ಹೇಳಿಬಿಡಿ.